ಗಿಲ್‌ರಾಯ್‌ನಲ್ಲಿ ಉಳಿಸಿದ ದುಡ್ಡು

ಸಣ್ಣತಾಯಮ್ಮನವರಿಗೆ ಕಂಡದ್ದನ್ನೆಲ್ಲ ತೊಂಬತ್ತರಿಂದ ಗುಣಿಸುವ ಚಾಳಿ ಹತ್ತಿಕೊಂಡಿತ್ತು. ಒಂದು ಡಾಲರಿಗೆ ಹತ್ತಿರ ಹತ್ತಿರ ತೊಂಬತ್ತು ರೂಪಾಯಿ ಎಂದು ವಿಮಾನ ಹತ್ತುವ ದಿನ ಮೈದುನ ಸಿದ್ದರಾಜು ಹೇಳಿಕೊಟ್ಟಿದ್ದ. ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಅಮೆರಿಕದ ಮಗಳ ಮನೆಗೆ ಬಂದು ನಾಲ್ಕು ತಿಂಗಳಾದರೂ ಇಳಿಯಲಿಲ್ಲ.

ಅಂದು ಲಿವರ್‌ಮೋರ್‌ನ ದಿನಸಿ ಅಂಗಡಿಯಲ್ಲಿ ಅವರು ಒಂದು ಕಟ್ಟು ಕೊತ್ತಂಬರಿ ಸೊಪ್ಪು ಹಿಡಿದುಕೊಂಡು ನಿಂತೇಬಿಟ್ಟಿದ್ದರು.

"ಇದಕ್ಕೆ ತೊಂಬತ್ತು ರೂಪಾಯಾ? ನಮ್ಮ ಹಿತ್ತಲಲ್ಲಿ ಮೇಕೆ ಬಾಯಾಡಿಸಿ ಬುಟ್ಟಿರೋ ಸೊಪ್ಪು ಇದಕ್ಕಿಂತ ಸೆಂದಾಗದೆ!"

"ಅವ್ವ, ಮೆಲ್ಲಗೆ. ಒಂದು ಡಾಲರ್ ಅಷ್ಟೇ," ಎಂದಳು ಮಗಳು ನಿಸರ್ಗ.

"ಒಂದಂತೆ ಒಂದು! ಮಡಗು ಅಲ್ಲೇ."

ಸೊಪ್ಪು ಅಲ್ಲೇ ಉಳಿಯಿತು. ಕಾರಿನಲ್ಲಿ ಬರುತ್ತಿರುವಾಗ ಸಿದ್ದರಾಜುವಿನ ಫೋನು ಬಂತು. ಮಾತು ಕಾರಿನ ತುಂಬ ಕೇಳಿಸಿತು.

"ಅತ್ತಿಗೆ, ಅಣ್ಣನ ವರ್ಷದ ಎಡೆಗೆ ದಿನ ನೋಡಿಸ್ದೆ. ಇನ್ನು ಏಳು ವಾರ ಅದೆ. ನಿಸರ್ಗ ಬತ್ತಾಳೆ ತಾನೆ? ಹೋದ ಸಲ ಆ ಮಗೀಗೆ ಅಪ್ಪನ ಮುಖ ನೋಡೋಕಾಗ್ನಿಲ್ಲ."

"ಬರ್ತೀನಿ ಚಿಕ್ಕಪ್ಪ. ಏನಾದರಾಗಲಿ ಬರ್ತೀನಿ," ಎಂದಳು ನಿಸರ್ಗ.

ಸಣ್ಣತಾಯಮ್ಮನವರ ಯಜಮಾನರು ಕೆಂಪರಾಜು, ಮಂಡ್ಯದ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕೆಲಸದಲ್ಲಿದ್ದವರು. ಹತ್ತು ತಿಂಗಳ ಹಿಂದೆ ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿರುವಾಗಲೇ ತೀರಿಕೊಂಡರು. ಇದ್ದವಳು ಒಬ್ಬಳೇ ಮಗಳು. ಆಗ ಅವಳು ಈ ದೇಶಕ್ಕೆ ಬಂದು ಇನ್ನೂ ಸಂಸಾರ ಹೂಡುತ್ತಿದ್ದಳು. ಹೊರಡಲು ಕೈಯಲ್ಲಿ ದುಡ್ಡಿರಲಿಲ್ಲ. ತಂದೆಯ ಕಾರ್ಯವನ್ನೆಲ್ಲ ಫೋನಿನಲ್ಲಿ ನೋಡಿದಳು. ಊರಲ್ಲಿ ಯಾರೋ ಫೋನನ್ನು ಹೂವಿನ ಬುಟ್ಟಿಗೆ ಒರಗಿಸಿ ಇಟ್ಟಿದ್ದರು. ಅದು ಜಾರಿತು. ಅರ್ಧ ಹೊತ್ತು ಅವಳಿಗೆ ಕಂಡದ್ದು ಶಾಮಿಯಾನದ ಒಂದು ಕಂಬ.

ಆದ್ದರಿಂದ ವರ್ಷದ ಎಡೆಗೆ ಅವಳು ಹೋಗಲೇಬೇಕು. ಅದರಲ್ಲಿ ಎರಡು ಮಾತಿರಲಿಲ್ಲ.

ಅಂದು ಸಂಜೆ ಅಳಿಯ ಮಧುಕರ್ ಕೆಲಸದಿಂದ ಬಂದ. ಅವನು ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ಕೆಲಸದವನು. ದಿನ ಗೊತ್ತಾಯಿತೆಂದು ಕೇಳಿ, ಬೂಟು ಬಿಚ್ಚುತ್ತ ಬಿಚ್ಚುತ್ತ ತಲೆಯೆತ್ತದೆಯೇ ಹೇಳಿದ:

"ಅತ್ತೆ, ಈ ಸಲ ನಿಸರ್ಗ ಬರೋದು ಕಷ್ಟ ಆಗುತ್ತೆ. ಟಿಕೆಟ್ ಸಾವಿರದೈನೂರು ಡಾಲರ್. ಕ್ರೆಡಿಟ್ ಕಾರ್ಡ್ ಆಗಲೇ ತುಂಬಿ ಹೋಗಿದೆ. ನಿಮ್ಮ ರಿಟರ್ನ್ ಟಿಕೆಟ್ ಇದೆಯಲ್ಲ, ನೀವು ಹೋಗಿ ಮುಗಿಸಿಬಿಡಿ."

ಸಣ್ಣತಾಯಮ್ಮನವರಿಗೆ ಮಾತು ಅರ್ಥವಾಗಲಿಲ್ಲ. ಕಾರ್ಡು ತುಂಬುವುದೆಂದರೇನು? ಅದೇನು ಕೊಡವೇ? ಅಳಿಯನ ಸಂಬಳ ತಿಂಗಳಿಗೆ ಹತ್ತು ಸಾವಿರ ಡಾಲರ್. ಅಂದರೆ ಒಂಬತ್ತು ಲಕ್ಷ ರೂಪಾಯಿ. ಇದನ್ನು ಅವರು ಊರಲ್ಲಿ ನಾಲ್ಕು ಜನಕ್ಕೆ ಹೇಳಿಯೂ ಆಗಿತ್ತು. ಒಂಬತ್ತು ಲಕ್ಷ ತರುವವನ ಮನೆಯಲ್ಲಿ ಮಗಳು ತಂದೆಗೆ ಎಡೆ ಇಡಲು ದುಡ್ಡಿಲ್ಲವೆಂದರೆ ಏನೋ ಮುಚ್ಚಿಡುತ್ತಿದ್ದಾನೆ. ಇಸ್ಪೀಟೆ? ಬೇರೆ ಯಾರಿಗಾದರೂ ಕೊಡುತ್ತಿದ್ದಾನೆಯೆ? ಆದರೆ ಅವನ ಅಂಗಿಯ ಕೊರಳುಪಟ್ಟಿ ಸವೆದು ನೂಲು ಬಿಟ್ಟಿತ್ತು. ಇಸ್ಪೀಟಾಡುವವನು ಹೀಗಿರುತ್ತಾನೆಯೆ? ಅದೂ ತಿಳಿಯದು, ಇದೂ ತಿಳಿಯದು. ಅಡುಗೆಮನೆಯ ಗೂಡಿನಲ್ಲಿದ್ದ ಮಾದಪ್ಪನ ಪಟದ ಮುಂದೆ ನಿಂತು, "ನನ್ನಪ್ಪ, ನೀನೇ ದಾರಿ ತೋರ್ಸು," ಎಂದು ಕೈಮುಗಿದರು.

ಪಟದ ಪಕ್ಕದಲ್ಲಿ ಗೋಡೆಗೆ ಕ್ಯಾಲೆಂಡರಿತ್ತು. ಅದನ್ನು ಕಂಡೊಡನೆ ಅವರಿಗೆ ಇನ್ನೊಂದು ವಿಷಯ ನೆನಪಾಯಿತು.

ತಿಂಗಳಿಗೊಮ್ಮೆಯೋ ಎರಡು ಸಲವೋ ಅವರೆಲ್ಲ ಕಾರಿನಲ್ಲಿ ಗಿಲ್‌ರಾಯ್‌ಗೆ ಹೋಗುತ್ತಿದ್ದರು. ಕಾರಿನ ಕಿಟಕಿ ಇಳಿಸಿದರೆ ಬೆಳ್ಳುಳ್ಳಿ ವಾಸನೆ ಬರುವ ಊರು. ಅಲ್ಲಿ ಸಾಲಾಗಿ ದೊಡ್ಡ ದೊಡ್ಡ ಅಂಗಡಿಗಳು. ಎಲ್ಲದರ ಬಾಗಿಲಲ್ಲೂ ರಿಯಾಯಿತಿಯ ಬೋರ್ಡು. ಊರಿಗೆ ಹೋಗುವಾಗ ಬರಿಗೈಯಲ್ಲಿ ಹೋಗುವುದುಂಟೆ? ಸಿದ್ದರಾಜುವಿಗೆ ಬೂಟು, ಅವನ ಹೆಂಡತಿಗೆ ಕೈಚೀಲ, ಹೆಣ ಹೊತ್ತ ನಾಲ್ವರಿಗೆ ಒಂದೊಂದು ಅಂಗಿ, ಹನ್ನೊಂದು ದಿನ ಅಡುಗೆ ಮಾಡಿದವರಿಗೆ ಸೆಂಟು ಬಾಟಲಿ. ಹೆಸರು ಹೇಳುತ್ತಿದ್ದವರು ಸಣ್ಣತಾಯಮ್ಮ, ಕೊಳ್ಳುತ್ತಿದ್ದವಳು ನಿಸರ್ಗ. ನಾಲ್ಕು ಪೆಟ್ಟಿಗೆಗಳು ಮಂಚದ ಕೆಳಗೆ ತುಂಬಿ ಕೂತಿದ್ದವು.

ಪ್ರತಿಯೊಂದು ಸಾಮಾನಿನ ಚೀಟಿಯಲ್ಲೂ ಹಳೆಯ ಬೆಲೆಗೆ ಗೀಟು ಎಳೆದು ಹೊಸ ಬೆಲೆ ಬರೆದಿರುತ್ತಿತ್ತು. ನೂರಿಪ್ಪತ್ತು ಹೋಗಿ ನಲವತ್ತು. ಅರವತ್ತು ಹೋಗಿ ಇಪ್ಪತ್ತೈದು. ಏಳನೇ ಕ್ಲಾಸು ಓದಿದ್ದ ಸಣ್ಣತಾಯಮ್ಮ ಮನೆಗೆ ಬಂದ ಮೇಲೆ ಹಳೆಯದರಲ್ಲಿ ಹೊಸದನ್ನು ಕಳೆದು, ಉಳಿದದ್ದನ್ನು ಕ್ಯಾಲೆಂಡರಿನಲ್ಲಿ ಸೀಸದ ಕಡ್ಡಿಯಿಂದ ಬರೆದಿಡುತ್ತಿದ್ದರು. ಊರ ಸಂತೆಯಲ್ಲಿ ಅವರು ಮಾಡಿಕೊಂಡು ಬಂದದ್ದೂ ಅದೇ. ಕೆಂಪರಾಜು ಸೀರೆಗೆಂದು ಎಂಟುನೂರು ಕೊಟ್ಟರೆ, ಚೌಕಾಸಿ ಮಾಡಿ ಐನೂರಕ್ಕೆ ತಂದು, ಮುನ್ನೂರು ಗಡಿಗೆಗೆ ಹಾಕುತ್ತಿದ್ದರು. ಅಂಥ ಗಡಿಗೆಯ ದುಡ್ಡಿನಲ್ಲೇ ನಿಸರ್ಗನ ಕಾಲೇಜು ಮುಗಿದಿತ್ತು.

ಕ್ಯಾಲೆಂಡರಿನ ಅಂಕಿಗಳನ್ನು ಎರಡು ಸಲ ಕೂಡಿದರು. ಸಾವಿರದ ಒಂಬೈನೂರ ಅರವತ್ತು ಡಾಲರ್. ಒಂದು ಟಿಕೆಟಿಗಿಂತ ಹೆಚ್ಚು!

ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತುಕೊಂಡು ಹೋಗಿ ಅಳಿಯನ ಮುಂದೆ ಹಿಡಿದರು.

"ಅಳಿಮಯ್ಯ, ಈ ದುಡ್ಡು ಎಲ್ಲೋಯ್ತು?"

"ಯಾವ ದುಡ್ಡು ಅತ್ತೆ?"

"ಗಿಲ್‌ರಾಯ್‌ನಲ್ಲಿ ನಾವು ಉಳಿಸಿದ್ದು. ಒಂದು ರೂಪಾಯಿ ಬಿಡದಂಗೆ ಬರ್ದಿವ್ನಿ."

ಮಧುಕರ್ ಕ್ಯಾಲೆಂಡರನ್ನು ನೋಡಿದ, ಅತ್ತೆಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಏಳು ವರ್ಷದ ಮೊಮ್ಮಗಳು ಇಂಚರ ಇಣುಕಿ ನೋಡಿ ನಕ್ಕಳು. "ಅಜ್ಜಿ, ದಟ್ಸ್ ನಾಟ್ ರಿಯಲ್ ಮನಿ!"

"ಏನಂತಾಳೆ ಮಗು?"

ಮಧುಕರನ ಮುಖ ಕೆಂಪಾಯಿತು. "ಅತ್ತೆ, ನಾನು ದುಡ್ಡು ಮುಚ್ಚಿಟ್ಟಿದ್ದೀನಿ ಅಂತೀರಾ? ಎಲ್ಲಿ ಹೋಗ್ತಿದೆ ಅಂತ ನನಗೇ ಗೊತ್ತಾಗ್ತಿಲ್ಲ. ಒಂದನೇ ತಾರೀಕು ಬರುತ್ತೆ, ಹತ್ತನೇ ತಾರೀಕಿಗೆ ಇರಲ್ಲ. ದಿನಾ ಲೆಕ್ಕ ಬರೀತಾ ಕೂತ್ರೆ ಬದುಕೋದು ಯಾವಾಗ?"

ಅವನು ಎದ್ದು ಒಳಗೆ ಹೋದ. ಅಳಿಯನಿಗೆ ನೋವಾಯಿತೆಂದು ಸಣ್ಣತಾಯಮ್ಮನವರಿಗೆ ತಿಳಿಯಿತು. ಯಾಕೆ ನೋವಾಯಿತೆಂದು ತಿಳಿಯಲಿಲ್ಲ. ಲೆಕ್ಕ ಸರಿಯಿತ್ತಲ್ಲ.

ಶನಿವಾರ ಅವರು ಗುಡ್ಡದ ಮೇಲಿನ ದೇವಸ್ಥಾನಕ್ಕೆ ಹೊರಟರು. ಕರೆದುಕೊಂಡು ಹೋದವಳು ಕೆಳಗಿನ ಮನೆಯ ಪ್ರಭಾ. ಹಾಸನದ ಕಡೆಯ ಹೆಣ್ಣುಮಗಳು; ಬಂದು ಹನ್ನೆರಡು ವರ್ಷವಾಗಿತ್ತು; ಲೈಬ್ರರಿಯಲ್ಲಿ ಅರ್ಧ ದಿನದ ಕೆಲಸ. ಹೊಸದಾಗಿ ಬಂದ ಸಂಸಾರಗಳಿಗೆ ಕಾಗದಪತ್ರ ಓದಿ ಹೇಳುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು.

ಸಣ್ಣತಾಯಮ್ಮನವರ ಕೈಯಲ್ಲಿ ಮೊಸರಿನ ಖಾಲಿ ಡಬ್ಬಿ ತುಂಬ ಅಕ್ಕಿಯಿತ್ತು. ಮದುವೆಯಾಗಿ ಬಂದ ದಿನದಿಂದ, ಅನ್ನಕ್ಕೆ ಅಕ್ಕಿ ತೊಳೆಯುವ ಮುಂಚೆ ಮಾದಪ್ಪನ ಹೆಸರಿನಲ್ಲಿ ಒಂದು ಹಿಡಿ ತೆಗೆದಿಡುವುದು ಅವರ ನೇಮ. ಊರಲ್ಲಿ ಅದು ಬೆಟ್ಟಕ್ಕೆ ನಡೆದು ಹೋಗುವ ಭಕ್ತರ ಅನ್ನಕ್ಕೆ ಸೇರುತ್ತಿತ್ತು. ಇಲ್ಲಿ ಗುಡ್ಡದ ದೇವಸ್ಥಾನದ ಅಡುಗೆಮನೆಗೆ. ಡಬ್ಬಿ ಕೊಟ್ಟು ಹೊರಗೆ ಬಂದವರು ಕಾರಿನ ಪಕ್ಕದಲ್ಲಿ ನಿಂತು ಅತ್ತುಬಿಟ್ಟರು.

"ಯಾಕಮ್ಮ, ಏನಾಯ್ತು?" ಎಂದಳು ಪ್ರಭಾ.

ಎಲ್ಲವನ್ನೂ ಹೇಳಿದರು. ಒಂಬತ್ತು ಲಕ್ಷ, ಕೊತ್ತಂಬರಿ, ಕ್ಯಾಲೆಂಡರು, ಶಾಮಿಯಾನದ ಕಂಬ.

ಪ್ರಭಾ ಕಾರಿನ ಬಾಗಿಲು ತೆಗೆದು ಅವರನ್ನು ಕೂರಿಸಿದಳು. "ಅಮ್ಮ, ನೀವು ಗುಣಿಸೋದಾದ್ರೆ ಎರಡೂ ಕಡೆ ಗುಣಿಸಬೇಕು. ಸಂಬಳ ಗುಣಿಸಿ ಒಂಬತ್ತು ಲಕ್ಷ ಅಂದ್ರಿ. ಬಾಡಿಗೆ ಗುಣಿಸಿದ್ರಾ?"

"ಬಾಡಿಗೆ ಎಷ್ಟು?"

"ಅದನ್ನ ಅಳಿಯನ್ನ ಕೇಳಿದ್ರಾ?"

ಕೇಳಿರಲಿಲ್ಲ. ಅಳಿಯನ ಹತ್ತಿರ ಅದನ್ನೆಲ್ಲ ಕೇಳುವುದು ಹೇಗೆ?

"ನಾಳೆ ಬರ್ತೀನಿ," ಎಂದಳು ಪ್ರಭಾ. "ಒಂದು ತಟ್ಟೆ, ನೂರು ಕಡಲೆಕಾಳು ಎಣಿಸಿ ಇಟ್ಟಿರಿ. ಮೂರು ತಿಂಗಳ ಬಿಲ್ಲುಗಳು, ಒಡೆಯದೆ ಇಟ್ಟಿರೋ ಕವರುಗಳು, ಎಲ್ಲಾ ಒಂದು ಕಡೆ ಹಾಕೋಕೆ ಹೇಳಿ."

ಭಾನುವಾರ ಊಟದ ಮೇಲೆ ಪ್ರಭಾ ಬಂದಳು. ಮಧುಕರ್ ಒಲ್ಲದ ಮನಸ್ಸಿನಿಂದ ಕೂತ.

"ಪ್ರಭಾ, ಕಡಲೆಕಾಳು ಯಾಕೆ? ನನಗೆ ಎಕ್ಸೆಲ್ ಬರುತ್ತೆ."

"ಬರುತ್ತೆ ಕಣಪ್ಪ. ತೆಗೆದಿದ್ದೀಯಾ?"

ನಿಸರ್ಗ ಫಕ್ಕನೆ ನಕ್ಕಳು. ಅವನೂ ನಕ್ಕ. ಆ ಮನೆಯಲ್ಲಿ ನಾಲ್ಕು ದಿನದ ಮೇಲೆ ಕೇಳಿದ ನಗು ಅದು.

"ಒಂದು ಕಾಳು ನೂರು ಡಾಲರ್," ಎಂದಳು ಪ್ರಭಾ. "ನೂರು ಕಾಳು ಇವನ ಸಂಬಳ. ಅಮ್ಮ, ನಾನು ಹೇಳಿದಷ್ಟು ನೀವೇ ತೆಗೀರಿ."

ಮೊದಲು ತೆರಿಗೆ, ಆಸ್ಪತ್ರೆ ವಿಮೆ: ಇಪ್ಪತ್ತೆಂಟು ಕಾಳು. ಅದು ಕೈಗೆ ಬರುವ ಮುಂಚೆಯೇ ಹೋಗುತ್ತದೆಂದು ಕೇಳಿ ಸಣ್ಣತಾಯಮ್ಮ ಬೆರಗಾದರು. ಬಾಡಿಗೆ ಮೂವತ್ತೆರಡು. ಅವರ ಕೈ ಕಾಳಿನ ಮೇಲೆಯೇ ನಿಂತಿತು. "ಈ ಎರಡು ರೂಮಿಗಾ?" ಕಾರಿನ ಕಂತು, ಅದರ ವಿಮೆ, ಪೆಟ್ರೋಲು, ರೈಲು: ಹದಿನಾಲ್ಕು. ಸ್ಕೂಲು ಬಿಟ್ಟ ಮೇಲೆ ಇಂಚರಳನ್ನು ನೋಡಿಕೊಳ್ಳುವ ಕಡೆಗೆ ಎಂಟು. ದಿನಸಿಗೆ ಒಂಬತ್ತು. ಕರೆಂಟು, ನೀರು, ಫೋನಿಗೆ ಐದು.

ತಟ್ಟೆಯಲ್ಲಿ ನಾಲ್ಕು ಕಾಳು ಉಳಿದವು. ಒಂದು ಉರುಳಿ ಸೋಫಾದ ಕೆಳಗೆ ಹೋಯಿತು. ಸಣ್ಣತಾಯಮ್ಮ ಮಂಡಿಯೂರಿ ಅದನ್ನು ಹುಡುಕಿ ತಂದರು. ಐದು ನಿಮಿಷದ ಹಿಂದೆ ಅವರು ಅದನ್ನು ಕಾಳೆಂದು ತಿಳಿದಿದ್ದರು. ಈಗ ಅದು ನೂರು ಡಾಲರ್ ಆಗಿತ್ತು.

"ಈಗ ಕಾರ್ಡಿನ ಬಿಲ್ಲು ತೆಗಿ," ಎಂದಳು ಪ್ರಭಾ. ಮಧುಕರ್ ಕವರು ಒಡೆದ. ಪ್ರಭಾ ಓದಿದಳು. "ಫೋನಲ್ಲಿ ಹೇಳಿ ತರಿಸಿಕೊಂಡ ಊಟ, ಮೂರು ಕಾಳು. ಸಾಮಾನು ಇಡೋಕೆ ಅಂತ ಬಾಡಿಗೆ ಗೋದಾಮು, ಒಂದು. ಏನಿದೆ ಅದರಲ್ಲಿ?"

"ಬಂದಾಗಿನ ಖಾಲಿ ಡಬ್ಬಗಳು," ಎಂದು ಮಧುಕರ್ ತಗ್ಗಿದ ದನಿಯಲ್ಲಿ ಹೇಳಿದ. "ಮರೆತೇಹೋಗಿತ್ತು."

"ಗಿಲ್‌ರಾಯ್, ಐದು ಕಾಳು. ಹೋದ ತಿಂಗಳೂ ಐದು. ಅದರ ಹಿಂದಿನ ತಿಂಗಳೂ."

ಒಟ್ಟು ಒಂಬತ್ತು ಕಾಳು ಬೇಕು, ಇರುವುದು ನಾಲ್ಕು. ಸಣ್ಣತಾಯಮ್ಮ ನಾಲ್ಕನ್ನೂ ತೆಗೆದರು. ತಟ್ಟೆ ಬರಿದಾಯಿತು. ಅವರ ಕೈ ಇನ್ನೂ ತಟ್ಟೆಯ ಮೇಲೆ ಏನನ್ನೋ ತಡಕುತ್ತಿತ್ತು.

"ಇನ್ನೈದು?"

"ಅದೇ ಸಾಲ. ತಿಂಗಳು ತಿಂಗಳೂ ಕಾರ್ಡಿನ ಮೇಲೆ ಏರ್ತಾ ಇದೆ, ಬಡ್ಡಿ ಸಮೇತ."

"ಆದ್ರೆ ಗಿಲ್‌ರಾಯ್‌ನಲ್ಲಿ ನಾವು ಉಳಿಸ್ದೊ ಕನವ್ವ!" ಎಂದು ಸಣ್ಣತಾಯಮ್ಮ ಕ್ಯಾಲೆಂಡರು ತಂದರು. "ನೂರಿಪ್ಪತ್ತರದು ನಲವತ್ತಕ್ಕೆ ಬಂತು. ಎಂಬತ್ತು ಉಳೀಲಿಲ್ವಾ?"

"ಅಮ್ಮ, ಸಂತೆಗೆ ಹೋಗುವಾಗ ಯಜಮಾನ್ರು ಕೈಗೆ ದುಡ್ಡು ಕೊಡ್ತಿದ್ರಾ?"

"ಎಣಿಸಿ ಕೊಡೋರು."

"ಗಿಲ್‌ರಾಯ್‌ಗೆ ಹೋಗುವಾಗ ಯಾರು ಎಣಿಸಿ ಕೊಟ್ರು?"

ಸಣ್ಣತಾಯಮ್ಮ ತಮ್ಮ ಮುಷ್ಟಿಯನ್ನು ನೋಡಿಕೊಂಡರು. ಸಂತೆಯಲ್ಲಿ ಎಂಟುನೂರು ಮುಷ್ಟಿಯಲ್ಲಿರುತ್ತಿತ್ತು. ಐನೂರು ಹೋದರೆ ಮುನ್ನೂರು ಮುಷ್ಟಿಯಲ್ಲೇ ಇರುತ್ತಿತ್ತು, ಕಾವು ಹತ್ತಿದ ನೋಟುಗಳು. ಇಲ್ಲಿ ಮುಷ್ಟಿಯಲ್ಲಿ ಏನಿತ್ತು? ನೂರಿಪ್ಪತ್ತು ಇರಲೇ ಇಲ್ಲ. ನಲವತ್ತೂ ಇರಲಿಲ್ಲ. ಅದೂ ಸಾಲ ತಂದದ್ದು. ಬೂಟು ಬೇಡವೆಂದಿದ್ದರೆ ನಲವತ್ತೂ ಉಳಿಯುತ್ತಿತ್ತು.

ಅವರು ನಿಧಾನವಾಗಿ ಕೂತರು. "ಹಂಗಾರೆ ಇವಳ ಟಿಕೀಟು..."

"ಮಂಚದ ಕೆಳಗಿದೆ ಅವ್ವ," ಎಂದಳು ನಿಸರ್ಗ. ಅವಳ ಕಣ್ಣು ತುಂಬಿತ್ತು. "ಊರಿಗೆ ಹೋಗೋ ದುಡ್ಡನ್ನೆಲ್ಲ ಊರಿಗೆ ತಗೊಂಡು ಹೋಗೋ ಸಾಮಾನಿಗೆ ಹಾಕಿದ್ವಿ. ನಿಂಗೆ ಬೇಡ ಅನ್ನೋಕೆ ನಂಗೆ ಬಾಯಿ ಬರಲಿಲ್ಲ. ಅಪ್ಪನ ಹೆಣ ಹೊತ್ತೋರಿಗೆ ಅಂತಿದ್ದೆ ನೀನು."

ಸಣ್ಣತಾಯಮ್ಮ ಅಳಿಯನ ಕಡೆ ತಿರುಗಿದರು. "ಅಳಿಮಯ್ಯ, ನಿಮ್ಮ ಮೇಲೆ ಇಲ್ಲದ್ದು ನೆನೆಸ್ದೆ. ತಪ್ಪಾಯ್ತು."

"ಬಿಡಿ ಅತ್ತೆ. ಕವರು ಒಡೆಯದೆ ಇಟ್ಟೋನು ನಾನು."

ಪ್ರಭಾ ಕೇಳಿದಳು: "ಕೊಂಡದ್ದರ ರಸೀದಿ ಏನಾದ್ರೂ ಇವೆಯಾ?"

ಸಣ್ಣತಾಯಮ್ಮ ಸೊಂಟದ ಎಲೆಅಡಿಕೆ ಸಂಚಿ ಬಿಚ್ಚಿದರು. ಅಡಿಕೆಯ ಖಾನೆಯಲ್ಲಿ ನಾಲ್ಕು ತಿಂಗಳ ರಸೀದಿಗಳು ಒಂದೂ ತಪ್ಪದೆ ಮಡಚಿಕೊಂಡು ಕೂತಿದ್ದವು. ಪ್ರಭಾ ಕೈ ತಟ್ಟಿದಳು. ಚೀಟಿ ಕೀಳದ, ಬಳಸದ ಸಾಮಾನನ್ನು ರಸೀದಿ ತೋರಿಸಿ ಗಡುವಿನೊಳಗೆ ಕೊಟ್ಟರೆ ಇಲ್ಲಿ ಬಹಳ ಅಂಗಡಿಗಳು ವಾಪಸು ತೆಗೆದುಕೊಳ್ಳುತ್ತವೆ ಎಂದಳು. ಸಣ್ಣತಾಯಮ್ಮ ನಂಬಲಿಲ್ಲ. ಕೊಂಡ ಮಾಲನ್ನು ಹಿಂದಕ್ಕೆ ಕೊಡಲು ಹೋದರೆ ಸಂತೆಯಲ್ಲಿ ಮುಖಕ್ಕೆ ಉಗಿಯುತ್ತಾರೆ.

ಆದರೂ ಮರುವಾರ ಹೋದರು. ಸೆರಗನ್ನು ಬಿಗಿಯಾಗಿ ಹೊದ್ದು, ಬೈಸಿಕೊಳ್ಳಲು ತಯಾರಾಗಿ ನಿಂತರು. ಕೌಂಟರಿನ ಹುಡುಗಿ ಬೂಟಿನ ಡಬ್ಬ ತೆರೆದು ನೋಡಿ, ರಸೀದಿ ನೋಡಿ, ನಕ್ಕು, ದುಡ್ಡು ಕಾರ್ಡಿಗೆ ಹಿಂದಿರುಗಿಸಿದಳು. ಏಕೆಂದು ಕೂಡ ಕೇಳಲಿಲ್ಲ. "ಇದೇನ್ ಜನ!" ಎಂದು ಸಣ್ಣತಾಯಮ್ಮ ಕಾರು ಹತ್ತುವವರೆಗೂ ತಿರುಗಿ ತಿರುಗಿ ನೋಡಿದರು. ಕೆಲವಕ್ಕೆ ಗಡುವು ಮೀರಿತ್ತು. ಸೆಂಟು ಬಾಟಲಿಗಳನ್ನು ಯಾರೂ ತೆಗೆದುಕೊಳ್ಳಲಿಲ್ಲ. ಆದರೂ ಹದಿಮೂರು ಕಾಳಿನಷ್ಟು ಹಿಂದೆ ಬಂತು. ಗೋದಾಮು ಖಾಲಿ ಮಾಡಿದರು. ಹೊರಗಿನ ಊಟ ಶುಕ್ರವಾರಕ್ಕೆ ಮಾತ್ರ ಎಂದಾಯಿತು. ಅದಕ್ಕೆ ಇಂಚರ ಅರ್ಧ ದಿನ ಮುನಿಸಿಕೊಂಡಳು.

ಕರೆಂಟಿನ ಬಿಲ್ಲು ಓದಿದಾಗ ಇನ್ನೊಂದು ಹೊರಬಿತ್ತು. ಇವರ ಪ್ಲಾನಿನಲ್ಲಿ ಸಂಜೆ ನಾಲ್ಕರಿಂದ ಒಂಬತ್ತರವರೆಗೆ ದರ ಹೆಚ್ಚು. ಸಣ್ಣತಾಯಮ್ಮ ರುಬ್ಬುವುದು, ಬಟ್ಟೆ ಒಗೆಯುವುದು, ಒಣಗಿಸುವ ಯಂತ್ರ ಹಾಕುವುದು ಎಲ್ಲಾ ಆ ಹೊತ್ತಿನಲ್ಲೇ.

"ಕರೆಂಟಿಗೂ ರಾಹುಕಾಲವಾ?" ಎಂದರು ಅವರು. ಹಾಗೇಕೆಂದು ಪ್ರಭಾ ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಹತ್ತಲಿಲ್ಲ. ಆದರೆ ರಾಹುಕಾಲ ಯಾಕೆಂದೂ ಅವರು ಯಾರನ್ನೂ ಕೇಳಿದವರಲ್ಲ. ಮಾರನೆಯ ದಿನದಿಂದ ಹಿಟ್ಟು ಬೆಳಿಗ್ಗೆಯೇ ರುಬ್ಬಿದರು.

ಒಂದು ಮಾತಿಗೆ ಮಾತ್ರ ಮಧುಕರ್ ಕೊನೆಯವರೆಗೂ ತಕರಾರು ತೆಗೆದ. ಸಂಬಳ ಬಂದ ದಿನವೇ ಮೂರು ಕಾಳು ಬೇರೆ ಖಾತೆಗೆ ಹಾಕು ಎಂದಿದ್ದಳು ಪ್ರಭಾ. "ಆಗಲ್ಲ. ಮೊದಲು ಖರ್ಚು ಕಳೀಲಿ, ಉಳಿದ್ರೆ ಹಾಕೋಣ," ಎಂದ ಅವನು.

ಇಷ್ಟು ದಿನ ಪ್ರತಿಯೊಂದಕ್ಕೂ ತಬ್ಬಿಬ್ಬಾಗುತ್ತಿದ್ದ ಸಣ್ಣತಾಯಮ್ಮ ಈ ಮಾತಿಗೆ ಮಾತ್ರ ತಬ್ಬಿಬ್ಬಾಗಲಿಲ್ಲ. ಮೊಸರಿನ ಡಬ್ಬಿಯನ್ನು ತಂದು ಅಳಿಯನ ಮುಂದೆ ಇಟ್ಟರು.

"ಅಳಿಮಯ್ಯ, ಮಾದಪ್ಪನ ಹಿಡಿಯ ಯಾವಾಗ ತೆಗೀತಾರೆ? ಉಂಡಾದ ಮೇಲೆ ತಳದಲ್ಲಿ ಮಿಕ್ಕಿರೋದನ್ನ ಕೆರ್ದು ಮಡಗ್ತಾರಾ? ನಲವತ್ತೊರ್ಸ ತೆಗೆದಿವ್ನಿ. ಅಕ್ಕಿ ಸಾಲದೆ ಹೋದ ದಿನವೂ ಒಂದು ಹಿಡಿ ಮೊದಲು. ಆ ಹಿಡಿ ತೆಗೆದಿದ್ದಕ್ಕೆ ನಮ್ಮ ಮನೇಲಿ ಒಬ್ರೂ ಉಪಾಸ ಮನಗ್ನಿಲ್ಲ."

ಮಧುಕರ್ ಡಬ್ಬಿಯನ್ನು ಎತ್ತಿ ಮಾದಪ್ಪನ ಪಟದ ಮುಂದೆ ಇಟ್ಟು ಬಂದ. ಒಂದನೇ ತಾರೀಕು ಸಂಬಳ ಬಂದೊಡನೆ ಮೂರು ಕಾಳು ತೆಗೆದು ಬೇರೆ ಇಟ್ಟ. ಈ ಮೂರೂ ಕಾರ್ಡಿನಲ್ಲಿ ತೆರವಾದ ಹದಿಮೂರೂ ಸೇರಿ ಹದಿನಾರು; ಟಿಕೆಟಿಗೆ ಬೇಕಾದದ್ದು ಹದಿನೈದು. ಅದೇ ವಾರ ನಿಸರ್ಗನ ಟಿಕೆಟ್ ಬಂತು. ಕಾರ್ಡಿನ ಹಳೆಯ ಬಾಕಿ ಇನ್ನೂ ಇತ್ತು. ಅದು ತೀರಲು ಮುಂದಿನ ಯುಗಾದಿಯವರೆಗೂ ಬೇಕೆಂದು ಪ್ರಭಾ ಹೇಳಿದಳು. ಆದರೆ ಅದು ಈಗ ಏರುತ್ತಿರಲಿಲ್ಲ, ಇಳಿಯುತ್ತಿತ್ತು.

ಎಡೆಯ ದಿನ ಊರಿನ ಮನೆಯಲ್ಲಿ ಓರಗಿತ್ತಿ ಪೆಟ್ಟಿಗೆ ಎತ್ತಿ ನೋಡಿ, ಎಲ್ಲರಿಗೂ ಕೇಳುವಂತೆ ಅಂದಳು: "ಅಮೆರಿಕದಿಂದ ಬಂದೋರ ಪೆಟ್ಟಿಗೆ ಇಷ್ಟು ಹಗುರವಾ ಅಕ್ಕಯ್ಯ? ಏನೂ ತರ್ನಿಲ್ವಾ?"

"ತಂದಿವ್ನಲ್ಲವ್ವ," ಎಂದರು ಸಣ್ಣತಾಯಮ್ಮ. "ಇವಳ ತಂದಿವ್ನಿ."

ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ, ಒಂದು ಲೋಟ ಕಾಫಿ. ನಿಸರ್ಗ ತನ್ನ ಕೈಯಿಂದಲೇ ತಂದೆಗೆ ಎಡೆ ಇಟ್ಟಳು. ಎಲ್ಲರೂ ಉಂಡು ಹೋದ ಮೇಲೆ ಶಾಮಿಯಾನದ ಕಂಬಕ್ಕೆ ಒರಗಿ ಕೂತಳು. ಆ ಕಂಬವನ್ನು ಬಿಚ್ಚಲು ಬಂದವರಿಗೆ ಸಣ್ಣತಾಯಮ್ಮ, "ಒಸಿ ತಡೀರಪ್ಪ," ಎಂದರು.

ಪರದೇಶದಲ್ಲಿ ಸಂಸಾರ ಹೂಡಿರುವ ತಾಯಂದಿರೇ, ಅಣ್ಣತಮ್ಮಂದಿರೇ, ಲೆಕ್ಕ ತಿಳಿಯದೆ ಗಾಬರಿಯಾಗುವುದು ನಾಚಿಕೆಯ ವಿಷಯವಲ್ಲ. ಹೊಸ ನೆಲದಲ್ಲಿ ಎಲ್ಲರಿಗೂ ಆಗುವುದೇ. ಬಂದ ಕವರನ್ನು ಒಡೆದು ಓದಿ. ತಿಳಿಯದಿದ್ದರೆ ತಿಳಿದವರನ್ನು ಕೇಳಿ. ತೊಂಬತ್ತರಿಂದ ಗುಣಿಸುವುದಾದರೆ ಬಾಡಿಗೆಯನ್ನೂ ಗುಣಿಸಿ. ರಿಯಾಯಿತಿಯ ಚೀಟಿಯಲ್ಲಿ ಗೀಟು ಹಾಕಿದ ಬೆಲೆ ನಿಮ್ಮ ದುಡ್ಡಲ್ಲ. ಕೊಳ್ಳದೆ ಉಳಿಸಿಕೊಂಡು ಬಂದದ್ದು ಮಾತ್ರ ನಿಮ್ಮದು. ನಿಮ್ಮವರಿಗೆ ಬೇಕಾಗಿರುವುದು ನಿಮ್ಮ ಪೆಟ್ಟಿಗೆಯ ಭಾರವಲ್ಲ, ನಿಮ್ಮ ಮುಖ. ಹೆತ್ತವರ ಮನೆಯಿಂದ ಕರೆ ಯಾವ ದಿನ ಬರುತ್ತದೆಂದು ಭಗವಂತನಿಗೆ ಮಾತ್ರ ಗೊತ್ತು, ಮತ್ತು ಆ ಪಯಣ ಕಂತಿನಲ್ಲಿ ಸಿಗುವುದಿಲ್ಲ. ಆದ್ದರಿಂದ ಈ ಒಂದನೇ ತಾರೀಕು ಸಂಬಳ ಬಂದೊಡನೆ, ಅಕ್ಕಿ ತೊಳೆಯುವ ಮುಂಚೆ, ಒಂದು ಹಿಡಿ ತೆಗೆದಿಡಿ.